ಬದಲಾಗುವ ಮೇಳ

‘ಮೇಳ’ ಎಂಬ ಮಾತಿಗೆ ನಮ್ಮ ಭಾಷೆಯಲ್ಲಿರುವ ಅರ್ಥಗಳನ್ನು ಕೂಡಿಸಿ ನೋಡಿದರೆ ಒಂದು ಸ್ವಾರಸ್ಯ ಕಾಣುತ್ತದೆ. ಒಟ್ಟಾಗಿ ಹಾಡುವ, ಬಾರಿಸುವ, ಕುಣಿಯುವ ಜನರ ಗುಂಪಿಗೆ ಮೇಳವೆಂದು ಹೆಸರು. ಆ ಗುಂಪಿನವರ ಶ್ರುತಿಯೂ ಲಯವೂ ಒಂದಕ್ಕೊಂದು ಹೊಂದಿಕೊಂಡರೆ ಆ ಹೊಂದಿಕೆಯೂ ಮೇಳವೇ. ಹೊಂದದಿದ್ದಾಗ ‘ಮೇಳ ಕೂಡಲಿಲ್ಲ’ ಎನ್ನುತ್ತೇವೆ. ಇನ್ನು ಸಂಗೀತಶಾಸ್ತ್ರದಲ್ಲಿ ಏಳು ಸ್ವರಗಳ ಒಂದು ಗೊತ್ತಾದ ಏರ್ಪಾಟಿಗೆ ಮೇಳವೆಂದೇ ಹೆಸರು. ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿ ಅಂಥ ಎಪ್ಪತ್ತೆರಡು ಮೇಳಗಳನ್ನು ಲೆಕ್ಕಹಾಕಿ ತೋರಿಸಿದ. ಗುಂಪು, ಹೊಂದಿಕೆ, ಸ್ವರಗಳ ಏರ್ಪಾಟು ಈ ಮೂರನ್ನೂ ಒಂದೇ ಮಾತಿನಲ್ಲಿ ಹಿಡಿದಿಟ್ಟ ನಮ್ಮ ಹಿರಿಯರು ಬಹುಶಃ ಏನೋ ಒಂದನ್ನು ಕಂಡುಕೊಂಡಿದ್ದರು. ಇಂದು ನಾನು ಮಾತನಾಡಬೇಕೆಂದಿರುವುದು ಮೊದಲನೆಯ ಅರ್ಥದ ಮೇಳವನ್ನು ಕುರಿತು. ಆದರೆ ಉಳಿದೆರಡು ಅರ್ಥಗಳೂ ಜೊತೆಗೇ ಬರುತ್ತವೆ.

ವಿಷಯವೇನೋ ಮೇಲುನೋಟಕ್ಕೆ ನಮ್ಮ ಊರುಗಳಿಗೆ ಬಹುದೂರದ್ದು. ‘ಹೆವಿ ಮೆಟಲ್’ ಎಂದು ಕರೆಯಲಾಗುವ ಪಾಶ್ಚಾತ್ಯ ಸಂಗೀತದ ತಂಡಗಳಲ್ಲಿ ವರ್ಷಗಳು ಕಳೆದಂತೆ ಆಗುವ ಸದಸ್ಯರ ಬದಲಾವಣೆ. ಹಾಸನದಲ್ಲೋ ಹೊಳೆನರಸೀಪುರದಲ್ಲೋ ಕುಳಿತು ಕೇಳುತ್ತಿರುವವರಿಗೆ, ಹೆಸರಿನಲ್ಲೇ ಕಬ್ಬಿಣದ ಸದ್ದಿರುವ ಈ ಸಂಗೀತದ ತಂಡದೊಳಗೆ ಯಾರು ಬಂದರೇನು, ಯಾರು ಹೋದರೇನು ಎನ್ನಿಸಬಹುದು. ಈ ಸಂಗೀತವನ್ನು ಇಷ್ಟಪಡಲೇಬೇಕೆಂದು ನಾನು ಯಾರನ್ನೂ ಒತ್ತಾಯಿಸುವವನಲ್ಲ. ಆದರೆ ನಾಲ್ಕೈದು ಜನ ಕೂಡಿ ಒಂದು ಕಲೆಯನ್ನು ಕಟ್ಟಿದಾಗ, ಅವರಲ್ಲಿ ಒಬ್ಬೊಬ್ಬರೇ ಹೊರಟುಹೋಗಿ ಹೊಸಬರು ಬಂದಾಗ, ಆ ಕಲೆ ಅದೇ ಆಗಿ ಉಳಿಯುತ್ತದೆಯೆ ಎಂಬ ಪ್ರಶ್ನೆ ಎಲ್ಲ ಊರಿನದೂ ಹೌದು. ನಮ್ಮ ಜಿಲ್ಲೆಯಲ್ಲಂತೂ ಅದು ವರ್ಷವರ್ಷವೂ ಕಣ್ಣೆದುರಿಗೆ ಬರುವ ಪ್ರಶ್ನೆ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ತಾಲ್ಲೂಕುಗಳ ಹಳ್ಳಿಗಳಲ್ಲಿ ಪೌರಾಣಿಕ ನಾಟಕದ ಹುಚ್ಚು ಇನ್ನೂ ಇಳಿದಿಲ್ಲ. ಸುಗ್ಗಿ ಮುಗಿದು ಕೈಗೆ ಬಿಡುವು ಸಿಕ್ಕಿತೆಂದರೆ ‘ಕುರುಕ್ಷೇತ್ರ’ದ ತಾಲೀಮು ಶುರುವಾಗುತ್ತದೆ. ಇಂಥ ಪಾತ್ರಕ್ಕೆ ಇಷ್ಟು ಎಂದು ಪಾತ್ರಧಾರಿಗಳೇ ಹಣ ಹಾಕುತ್ತಾರೆ. ಸೀನರಿ, ದೀಪ, ಉಡುಪು ಎಲ್ಲವೂ ಬಾಡಿಗೆಗೆ ಬರುತ್ತವೆ. ಹೋದ ವರ್ಷ ದುರ್ಯೋಧನನಾಗಿದ್ದವರಿಗೆ ಈ ವರ್ಷ ಮನೆಯಲ್ಲಿ ಮದುವೆ; ಅವರ ಗದೆ ಬೇರೊಬ್ಬರ ಕೈಗೆ ಹೋಗುತ್ತದೆ. ಇಪ್ಪತ್ತು ವರ್ಷ ಕೃಷ್ಣನ ಪಾತ್ರ ಮಾಡಿದವರಿಗೆ ಮಂಡಿನೋವು. ಅವರು ಈಗ ಮುಂದಿನ ಸಾಲಿನಲ್ಲಿ ಕುಳಿತು ಹೊಸ ಕೃಷ್ಣನ ಕಂದಪದ್ಯಗಳನ್ನು ತುಟಿಯಲ್ಲೇ ಹೇಳಿಕೊಳ್ಳುತ್ತಾರೆ. ಹೀಗೆ ಮುಖಗಳೆಲ್ಲ ಬದಲಾಗುತ್ತಿದ್ದರೂ ರಂಗದ ಪಕ್ಕದಲ್ಲಿ ಕಾಲು ಹಾರ್ಮೋನಿಯಂ ಮುಂದೆ ಕುಳಿತ ಡ್ರಾಮಾ ಮೇಷ್ಟ್ರು ಮಾತ್ರ ಬದಲಾಗುವುದಿಲ್ಲ. ಯಾವ ಹಾಡಿಗೆ ಯಾವ ಮಟ್ಟು, ಯಾವ ಮಾತಾದ ಮೇಲೆ ಯಾರ ಪ್ರವೇಶ ಎಂಬುದೆಲ್ಲ ಅವರ ನೆನಪಿನಲ್ಲಿದೆ. ಮೇಷ್ಟ್ರು ಇರುವವರೆಗೆ ನಾಟಕ ಅದೇ ನಾಟಕ. ಈ ಮೇಷ್ಟ್ರನ್ನು ಶ್ರೋತೃಗಳು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇಂಗ್ಲೆಂಡಿನಲ್ಲಿಯೂ ಅಂಥ ಒಬ್ಬರು ಸಿಗುತ್ತಾರೆ.

ಶಾಸ್ತ್ರೀಯ ಸಂಗೀತದ ರೀತಿ ಬೇರೆ. ಅರಕಲಗೂಡು ತಾಲ್ಲೂಕಿನ, ಕಾವೇರಿಯ ದಡದ ರುದ್ರಪಟ್ಟಣ ಸಂಗೀತಗಾರರ ಊರೆಂದೇ ಹೆಸರಾದದ್ದು. ಅಲ್ಲಿ 1920ರಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ಅವರು ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡಿ 2014ರಲ್ಲಿ ತೀರಿಕೊಂಡರು. ಆಕಾಶವಾಣಿಯಲ್ಲಿಯೂ ಅವರದು ದೀರ್ಘ ಸೇವೆ. ಅಷ್ಟು ದೀರ್ಘಕಾಲ ಹಾಡಿದವರ ಪಕ್ಕದಲ್ಲಿ ಎಷ್ಟು ಪಿಟೀಲು, ಎಷ್ಟು ಮೃದಂಗ ಬಂದು ಹೋಗಿರಬೇಕು! ಆದರೂ ‘ಶ್ರೀಕಂಠನ್ ಅವರ ತಂಡ ಬದಲಾಯಿತು’ ಎಂದು ಯಾರೂ ಹೇಳುವುದಿಲ್ಲ. ನಮ್ಮ ಕಚೇರಿಯ ಮೇಳ ಆಯಾ ಸಂಜೆಗೆ ಕೂಡಿ ಆಯಾ ರಾತ್ರಿಗೆ ಮುಗಿಯುತ್ತದೆ. ಕೃತಿಗಳು ಎಲ್ಲರಿಗೂ ಗೊತ್ತಿರುವುದರಿಂದ ಮೊದಲ ಸಲ ಎದುರಾದ ಪಕ್ಕವಾದ್ಯದವರೂ ಜೊತೆಗೂಡಬಲ್ಲರು. ಅಲ್ಲಿ ಮುಂದುವರಿಯುವುದು ಬಾನಿ. ಅದು ಗುರುವಿನಿಂದ ಶಿಷ್ಯನಿಗೆ, ತಂದೆಯಿಂದ ಮಗನಿಗೆ ನಡೆದುಬರುತ್ತದೆ.

ಹೆವಿ ಮೆಟಲ್ ತಂಡಕ್ಕೆ ಇಂಥ ಆಸರೆಯಿಲ್ಲ. ತಂಡವೇ ಹಾಡು ಕಟ್ಟುತ್ತದೆ, ತಂಡವೇ ಹಾಡುತ್ತದೆ. ಆ ನಾಲ್ಕೈದು ಜನರ ಕೈಬಾಯಿಗಳಿಗಾಗಿಯೇ ಹಾಡು ಹುಟ್ಟಿರುತ್ತದೆ. ಆದ್ದರಿಂದ ಒಬ್ಬರು ಹೊರಟರೆ ಮನೆಯ ಒಂದು ಕಂಬ ಕಳಚಿದಂತೆ. ಈ ಸಂಗೀತ ಹುಟ್ಟಿದ ಬಗೆಯೂ ಹಾಗೆಯೇ ಇದೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಾರ್ಖಾನೆಗಳ ಊರು. ಅಲ್ಲಿನ ಲೋಹದ ತಗಡಿನ ಕಾರ್ಖಾನೆಯೊಂದರಲ್ಲಿ ದುಡಿಯುತ್ತಿದ್ದ ಹದಿನೇಳರ ಹುಡುಗ ಟೋನಿ ಅಯೋಮಿ, ಕೆಲಸ ಬಿಡಬೇಕೆಂದಿದ್ದ ಕೊನೆಯ ದಿನವೇ ಬಲಗೈಯ ಎರಡು ಬೆರಳುಗಳ ತುದಿಯನ್ನು ಯಂತ್ರಕ್ಕೆ ಕೊಟ್ಟ. ಎಡಗೈಯಲ್ಲಿ ಮೀಟುವವನಾದ್ದರಿಂದ ಗಿಟಾರಿನ ತಂತಿ ಒತ್ತಲು ಬೇಕಾದದ್ದು ಆ ಬಲಗೈಯೇ. ಅವನು ಪ್ಲಾಸ್ಟಿಕ್ ಶೀಸೆ ಕರಗಿಸಿ ಬೆರಳಿಗೆ ಟೊಪ್ಪಿಗೆ ಮಾಡಿಕೊಂಡ. ಮುಂದೆ, ಒತ್ತಲು ಹಗುರವಾಗಲೆಂದು ತಂತಿಗಳನ್ನು ಸಡಿಲಿಸಿ ಶ್ರುತಿಯನ್ನೇ ಇಳಿಸಿದ. ಮಂದ್ರಕ್ಕಿಳಿದ ಆ ಭಾರವಾದ ನಾದವೇ ಹೊಸದೊಂದು ಸಂಗೀತದ ಗುರುತಾಯಿತು. 1968ರಲ್ಲಿ ಅವನೂ ಮೂವರು ಗೆಳೆಯರೂ ಸೇರಿ ಕಟ್ಟಿದ ತಂಡ ‘ಬ್ಲ್ಯಾಕ್ ಸಬ್ಬತ್’. ಒಬ್ಬನ ಎರಡು ಬೆರಳಿನ ಊನದಿಂದ ಇಡೀ ತಂಡದ ದನಿ ರೂಪುಗೊಂಡಿದ್ದರೆ, ಅಂಥ ತಂಡದಲ್ಲಿ ಒಬ್ಬರ ಬದಲು ಇನ್ನೊಬ್ಬರನ್ನು ಕೂರಿಸುವುದು ಸುಲಭವಲ್ಲ.

ಹಾಗಿದ್ದೂ ಬದಲಾವಣೆ ತಪ್ಪಲಿಲ್ಲ. ಇದಕ್ಕೆ ಬಹು ತಿಳಿಯಾದ ನಿದರ್ಶನ ‘ಐರನ್ ಮೇಡನ್’ ಎಂಬ ತಂಡ. ಲಂಡನ್ನಿನ ಪೂರ್ವಭಾಗದ ಲೇಟನ್‌ನಲ್ಲಿ 1975ರ ಕ್ರಿಸ್‌ಮಸ್ ದಿನ ಇದನ್ನು ಕಟ್ಟಿದವರು ಸ್ಟೀವ್ ಹ್ಯಾರಿಸ್. ಅವರು ನುಡಿಸುವುದು ಬೇಸ್ ಗಿಟಾರ್, ಎಂದರೆ ಸಾಮಾನ್ಯವಾಗಿ ಕೇಳುಗರ ಕಿವಿಗೆ ಮೊದಲು ಬೀಳದ ಮಂದ್ರಸ್ವರದ ವಾದ್ಯ. ಹಾಡುಗಳಲ್ಲಿ ಹೆಚ್ಚಿನವನ್ನು ರಚಿಸಿದವರೂ ಅವರೇ. ನಮ್ಮ ಹಾರ್ಮೋನಿಯಂ ಮೇಷ್ಟ್ರಿಗೆ ಸಮಾನರಾದವರು ಇವರು. ಮೊದಲ ನಾಲ್ಕು ವರ್ಷಗಳಲ್ಲಿ ಎಷ್ಟೋ ಜನ ಬಂದರು, ಹೋದರು. 1980ರಲ್ಲಿ ಮೊದಲ ಆಲ್ಬಮ್ ಹೊರಬಂದಾಗ ಹಾಡಿದವರು ಪಾಲ್ ಡಿಯಾನೊ. ಗಿಟಾರಿಗೆ ಡೇವ್ ಮರ್ರೆ ಮತ್ತು ಡೆನಿಸ್ ಸ್ಟ್ರಾಟನ್. ಡ್ರಮ್ಮಿಗೆ ಕ್ಲೈವ್ ಬರ್. ಆ ವರ್ಷ ಮುಗಿಯುವುದರೊಳಗೆ ಸ್ಟ್ರಾಟನ್ ಹೋಗಿ ಏಡ್ರಿಯನ್ ಸ್ಮಿತ್ ಬಂದರು. 1981ರಲ್ಲಿ ಡಿಯಾನೊ ಹೊರಗಾಗಿ ಬ್ರೂಸ್ ಡಿಕಿನ್ಸನ್ ಬಂದರು. ಮರುವರ್ಷದ ಆಲ್ಬಮ್ ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿತು. ಆ ಗೆಲುವಿನ ವರ್ಷದ ಕೊನೆಯಲ್ಲೇ ಕ್ಲೈವ್ ಬರ್ ಹೋಗಿ ನಿಕೋ ಮೆಕ್‌ಬ್ರೈನ್ ಬಂದರು.

ಡಿಯಾನೊ ಅವರ ಕಂಠ ಒರಟು. ಬೀದಿಯ ಹುಡುಗನ ಸಿಟ್ಟು ಅದರಲ್ಲಿತ್ತು. ಡಿಕಿನ್ಸನ್ ಅವರದು ತಾರಸ್ಥಾಯಿಗೆ ಲೀಲಾಜಾಲವಾಗಿ ಏರಿ ಅಲ್ಲೇ ನಿಲ್ಲಬಲ್ಲ ಕಂಠ. ಅದು ಬಂದ ಮೇಲೆ ಹ್ಯಾರಿಸ್ ಅವರ ರಚನೆಗಳೂ ಉದ್ದವಾದವು. ಚರಿತ್ರೆ, ಪುರಾಣ, ಯುದ್ಧ, ಕಾವ್ಯ ಎಲ್ಲವೂ ಹಾಡಿನ ವಸ್ತುವಾದವು. ಬದಲಾದದ್ದು ಒಬ್ಬ ಗಾಯಕ. ಆದರೆ ಆ ಬದಲಾವಣೆ ಉಳಿದವರ ಕೈಯನ್ನೂ ಬದಲಾಯಿಸಿತು.

ಇಲ್ಲಿ ನನಗೆ ಎಪ್ಪತ್ತೆರಡು ಮೇಳಗಳ ಲೆಕ್ಕ ನೆನಪಾಗುತ್ತದೆ. ಇಪ್ಪತ್ತೊಂಬತ್ತನೆಯ ಮೇಳ ಶಂಕರಾಭರಣ. ಅದರ ಏಳು ಸ್ವರಗಳಲ್ಲಿ ಆರನ್ನು ಹಾಗೆಯೇ ಇಟ್ಟು, ಶುದ್ಧಮಧ್ಯಮ ಒಂದನ್ನು ಮಾತ್ರ ತೆಗೆದು ಪ್ರತಿಮಧ್ಯಮವನ್ನು ಇಟ್ಟರೆ ಅದು ಅರವತ್ತೈದನೆಯ ಮೇಳವಾದ ಕಲ್ಯಾಣಿಯಾಗುತ್ತದೆ. ಆರು ಸ್ವರಗಳು ಅವೇ ಆದರೂ ಕೇಳುವ ಕಿವಿಗೆ ಅವು ಹಳೆಯ ಸ್ವರಗಳಾಗಿ ಕೇಳಿಸುವುದಿಲ್ಲ. ಹೊಸ ಮಧ್ಯಮದ ಬೆಳಕಿನಲ್ಲಿ ಅದೇ ಗಾಂಧಾರ, ಅದೇ ನಿಷಾದ ಬೇರೆಯ ಮುಖ ತೋರಿಸುತ್ತವೆ. ಆದರೆ ಷಡ್ಜವನ್ನೂ ಪಂಚಮವನ್ನೂ ಮಾತ್ರ ಯಾರೂ ಮುಟ್ಟುವಂತಿಲ್ಲ. ಅವು ಅಚಲ ಸ್ವರಗಳು. ಎಪ್ಪತ್ತೆರಡು ಮೇಳಗಳಲ್ಲಿ ಏನು ಬದಲಾದರೂ ಈ ಎರಡು ನಿಂತಲ್ಲೇ ನಿಂತಿರುತ್ತವೆ. ಐರನ್ ಮೇಡನ್ನಿನ ಎಲ್ಲ ಆಲ್ಬಮ್‌ಗಳಲ್ಲಿಯೂ ಇರುವವರು ಇಬ್ಬರೇ: ಸ್ಟೀವ್ ಹ್ಯಾರಿಸ್ ಮತ್ತು ಡೇವ್ ಮರ್ರೆ. ಷಡ್ಜ, ಪಂಚಮ ಎನ್ನಲು ಅಡ್ಡಿಯಿಲ್ಲ.

1983ರಿಂದ 1988ರವರೆಗಿನ ನಾಲ್ಕು ಆಲ್ಬಮ್‌ಗಳಲ್ಲಿ ಅದೇ ಐವರು ಉಳಿದರು. ಹೊರಗಿನವರಿಗೆ ಇದೇ ಆ ತಂಡದ ನಿಜವಾದ ರೂಪ ಎನ್ನಿಸತೊಡಗಿತು. ಅಷ್ಟರಲ್ಲಿ 1990ರಲ್ಲಿ ಸ್ಮಿತ್ ಹೊರಟರು. ಯಾನಿಕ್ ಗೆರ್ಸ್ ಬಂದರು. 1993ರಲ್ಲಿ ಡಿಕಿನ್ಸನ್ ಅವರೂ ಹೊರಟರು. ಅವರ ಸ್ಥಾನಕ್ಕೆ ಮರುವರ್ಷ ಬಂದವರು ಬ್ಲೇಝ್ ಬೇಯ್ಲಿ. ಮಂದ್ರಮಧ್ಯಗಳಲ್ಲಿ ಸುಖವಾಗಿ ಸಂಚರಿಸುವ ಕಂಠಕ್ಕೆ, ತಾರಸ್ಥಾಯಿಗೆಂದೇ ಹೊಸೆದ ಹಾಡುಗಳನ್ನು ರಾತ್ರಿಯಿಂದ ರಾತ್ರಿಗೆ ಹಾಡುವ ಕೆಲಸ ಬಿತ್ತು. ಕೇಳುಗರು ನಿಷ್ಠುರರಾದರು. ಹಿಂದಿನವರ ಶ್ರುತಿಯಲ್ಲಿ ಹಾಡಬೇಕಾಗಿ ಬಂದ ಗಾಯಕರ ಕಷ್ಟವನ್ನು ನಾಟಕ ನೋಡುವ ನಮ್ಮ ಜನ ಬಲ್ಲರು. ಬಿಳಿ ನಾಲ್ಕರ ಶ್ರುತಿಯವರು ಬಿಟ್ಟುಹೋದ ಪಾತ್ರಕ್ಕೆ ಬಿಳಿ ಎರಡರವರು ಬಂದರೆ ಬುದ್ಧಿವಂತರಾದ ಮೇಷ್ಟ್ರು ಹಾರ್ಮೋನಿಯಂನ ಮೇಲೆ ಕೈಯ ಜಾಗವನ್ನೇ ಬದಲಿಸಿಕೊಳ್ಳುತ್ತಾರೆ. ಬೇಯ್ಲಿ ಅವರ ಕಾಲದಲ್ಲಿ 1995ರಲ್ಲೂ 1998ರಲ್ಲೂ ಒಂದೊಂದು ಆಲ್ಬಮ್ ಬಂದಿತು. 1999ರಲ್ಲಿ ಅವರು ಹೊರಗಾದರು.

ಅದೇ ವರ್ಷ ಡಿಕಿನ್ಸನ್, ಸ್ಮಿತ್ ಇಬ್ಬರೂ ಮರಳಿದರು. ಸಾಮಾನ್ಯ ಲೆಕ್ಕದಲ್ಲಿ ಸ್ಮಿತ್ ಬಂದರೆ ಅವರ ಸ್ಥಾನದಲ್ಲಿದ್ದ ಗೆರ್ಸ್ ಎದ್ದುಹೋಗಬೇಕು. ತಂಡ ಹಾಗೆ ಮಾಡಲಿಲ್ಲ. ಒಂಬತ್ತು ವರ್ಷ ದುಡಿದವರನ್ನು ಉಳಿಸಿಕೊಂಡು ಗಿಟಾರುಗಳನ್ನು ಮೂರಾಗಿಸಿಕೊಂಡಿತು. ಐವರ ತಂಡ ಆರು ಜನರದಾಯಿತು. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಹೊರಗಾದ ಬೇಯ್ಲಿ ಅವರು ಹಾಡಿದ್ದ ಹಾಡುಗಳಲ್ಲಿ ಕೆಲವನ್ನು ಆಮೇಲೆ ಡಿಕಿನ್ಸನ್ ಅವರೇ ವೇದಿಕೆಯ ಮೇಲೆ ಹಾಡತೊಡಗಿದರು. 2018ರಲ್ಲಿ ಹೊರಟ ಪ್ರವಾಸದಲ್ಲಿಯೂ ಅವು ಇದ್ದವು. ತಂಡದ ಹೆಸರನ್ನೇ ಹೊತ್ತ ಮೊದಲ ಆಲ್ಬಮ್ಮಿನ ಹಾಡನ್ನಂತೂ ಡಿಯಾನೊ, ಡಿಕಿನ್ಸನ್, ಬೇಯ್ಲಿ ಮೂವರೂ ಹಾಡಿದ್ದಾರೆ. ಮನುಷ್ಯರು ಹೋದರೂ ಅವರು ತಂದ ಹಾಡನ್ನು ಮನೆಯಿಂದ ಹೊರಗೆ ಹಾಕದಿರುವುದು ದೊಡ್ಡ ಮಾತು.

ಎಲ್ಲ ತಂಡಗಳೂ ಬಂದವರನ್ನು ಹೀಗೆ ನಡೆಸಿಕೊಳ್ಳಲಿಲ್ಲ. ಅಮೆರಿಕದ ‘ಮೆಟಾಲಿಕಾ’ ತಂಡದ ಬೇಸ್ ವಾದಕ ಕ್ಲಿಫ್ ಬರ್ಟನ್ 1986ರ ಸೆಪ್ಟೆಂಬರಿನಲ್ಲಿ ಸ್ವೀಡನ್ನಿನಲ್ಲಿ ತಂಡದ ಬಸ್ಸು ಉರುಳಿ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತನಾಲ್ಕು ವರ್ಷ. ಕೆಲವೇ ವಾರಗಳಲ್ಲಿ ಜೇಸನ್ ನ್ಯೂಸ್ಟೆಡ್ ಎಂಬ ತರುಣ ಆ ಸ್ಥಾನಕ್ಕೆ ಬಂದರು. ಉಳಿದವರಿಗೆ ಅಳಲು ಸಮಯವಿರಲಿಲ್ಲ. ಆ ದುಃಖವೆಲ್ಲ ಹೊಸಬರ ಮೇಲೆ ಕೀಟಲೆಯಾಗಿ, ತಾತ್ಸಾರವಾಗಿ ಇಳಿಯಿತು. 1988ರಲ್ಲಿ ಅವರೊಡನೆ ಮಾಡಿದ ಮೊದಲ ಪೂರ್ಣ ಆಲ್ಬಮ್ಮಿನಲ್ಲಿ ಬೇಸ್ ಗಿಟಾರಿನ ದನಿ ಕೇಳಿಸುವುದೇ ಇಲ್ಲವೆನ್ನುವಷ್ಟು ಕ್ಷೀಣ. ಹೆಸರು ಹೊದಿಕೆಯ ಮೇಲೆ ಇದೆ, ನುಡಿಸಿದ್ದೂ ನಿಜ. ಆದರೆ ಧ್ವನಿ ಇಲ್ಲ. ತೀರಿಹೋದವರ ಖಾಲಿ ಕುರ್ಚಿಯ ಮೇಲೆ ಹೊಸಬರನ್ನು ಕೂರಿಸಿ, ಕುರ್ಚಿ ಖಾಲಿಯೇ ಇದೆಯೆಂದು ನಟಿಸಿದ ಹಾಗಾಯಿತು. ನ್ಯೂಸ್ಟೆಡ್ ಹದಿನಾಲ್ಕು ವರ್ಷ ಅಲ್ಲಿದ್ದು 2001ರಲ್ಲಿ ಹೊರಟರು. 2003ರಲ್ಲಿ ರಾಬರ್ಟ್ ಟ್ರುಹಿಯೊ ಬಂದಾಗ ತಂಡ ಹಿಂದಿನದರಿಂದ ಪಾಠ ಕಲಿತಿತ್ತು. ಅವರನ್ನು ಬರಮಾಡಿಕೊಂಡದ್ದು ಹತ್ತು ಲಕ್ಷ ಡಾಲರ್ ಮುಂಗಡ ಕೊಟ್ಟು. 2009ರಲ್ಲಿ ಕ್ಲೀವ್‌ಲೆಂಡಿನಲ್ಲಿ ತಂಡಕ್ಕೆ ದೊಡ್ಡ ಗೌರವ ಸಂದಾಗ ನ್ಯೂಸ್ಟೆಡ್ ಅವರನ್ನೂ ಕರೆಸಿದರು. ಅವರೂ ಟ್ರುಹಿಯೊ ಅವರೂ ಒಂದೇ ವೇದಿಕೆಯಲ್ಲಿ ನುಡಿಸಿದರು. ಬರ್ಟನ್ ಅವರ ಪರವಾಗಿ ಅವರ ತಂದೆ ಬಂದು ಗೌರವ ಸ್ವೀಕರಿಸಿದರು. ತಡವಾಗಿಯಾದರೂ ಮೇಳ ಕೂಡಿತು.

ಈ ಎರಡು ತಂಡಗಳೂ ನಮ್ಮ ಕರ್ನಾಟಕದ ನೆಲ ಮೆಟ್ಟಿವೆ. ಐರನ್ ಮೇಡನ್ 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತು. 2009ರಲ್ಲಿ ಮತ್ತೆ ಬಂದಿತು. ಮೆಟಾಲಿಕಾ 2011ರ ಅಕ್ಟೋಬರ್ 30ರಂದು ಅದೇ ಮೈದಾನಕ್ಕೆ ಬಂದಿತು. ದೇಶದ ಮೂಲೆಮೂಲೆಗಳಿಂದ ಹುಡುಗರು ಬಂದು ಸೇರಿದರು. ಮೊದಲ ಆಲ್ಬಮ್ ಹೊರಬಂದಾಗ ಅವರಲ್ಲಿ ಬಹುಮಂದಿ ಹುಟ್ಟಿಯೇ ಇರಲಿಲ್ಲ. ಅವರು ಬಾಯಿಪಾಠ ಮಾಡಿಕೊಂಡು ಬಂದಿದ್ದ ಹಾಡುಗಳಲ್ಲಿ ಕೆಲವು, ಎಂದೋ ತಂಡ ಬಿಟ್ಟವರ ಕಾಲದವು.

ಬೆಂಗಳೂರಿನದೇ ಆದ ತಂಡಗಳೂ ಇವೆ. ಅವುಗಳಲ್ಲಿ ಹೆಸರಾದ ‘ಕ್ರಿಪ್ಟೋಸ್’ ಅನ್ನು 1998ರಲ್ಲಿ ನೋಲನ್ ಲೂಯಿಸ್ ಮತ್ತು ಗಣೇಶ್ ಕೃಷ್ಣಸ್ವಾಮಿ ಎಂಬ ತರುಣರು ಕಟ್ಟಿದರು. ಅದರ ಮೊದಲ ಆಲ್ಬಮ್ ಬಂದದ್ದು ಆರು ವರ್ಷಗಳ ಮೇಲೆ, 2004ರಲ್ಲಿ. ಆಮೇಲೆ 2008, 2012, 2016, 2019, 2021, 2024 ಹೀಗೆ ಒಂದಾದ ಮೇಲೊಂದು ಬಂದವು. 2010ರಲ್ಲಿ ತಂಡ ಯೂರೋಪಿಗೆ ಹೋಗಿ ಹಾಡಿತು. 2013ರಲ್ಲಿ ಜರ್ಮನಿಯ ವಾಕನ್ ಎಂಬ ಹಳ್ಳಿಯಲ್ಲಿ ನಡೆಯುವ, ಈ ಸಂಗೀತದ ಮಹಾಜಾತ್ರೆಯೆನ್ನಬಹುದಾದ ಉತ್ಸವದಲ್ಲಿ ವೇದಿಕೆ ಹತ್ತಿತು. ಈ ವರ್ಷಗಳಲ್ಲಿ ಡ್ರಮ್ ಬಾರಿಸುವವರು ಬದಲಾದರು, ಬೇಸ್ ನುಡಿಸುವವರು ಬದಲಾದರು. ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಗಣೇಶ್ ಕೃಷ್ಣಸ್ವಾಮಿ ಅವರೂ ಹೊರಗೆ ಹೋಗಿ ಕೆಲವು ವರ್ಷಗಳ ಮೇಲೆ ಮರಳಿದರು. ಆದಿಯಿಂದಲೂ ಬಿಡದೆ ಇರುವವರು ನೋಲನ್ ಲೂಯಿಸ್. ಹಾಡುವವರೇ ಇಲ್ಲದಾದಾಗ ಗಿಟಾರಿನ ಜೊತೆಗೆ ಹಾಡುವ ಹೊಣೆಯನ್ನೂ ಅವರು ವಹಿಸಿಕೊಂಡರು. ನಮ್ಮ ಹಳ್ಳಿಯ ನಾಟಕಗಳಲ್ಲಿ ಪಾತ್ರಧಾರಿ ಕೈಕೊಟ್ಟ ರಾತ್ರಿ ಮೇಷ್ಟ್ರೇ ಬಣ್ಣ ಹಚ್ಚಿಕೊಳ್ಳುವುದುಂಟಲ್ಲ, ಹಾಗೆ.

ಬಂದವರ ಮಾತಾಯಿತು, ಇನ್ನು ಹೋದವರ ಮಾತು. ಗೆಲುವಿನ ವರ್ಷದಲ್ಲೇ ಐರನ್ ಮೇಡನ್ ಬಿಟ್ಟ ಕ್ಲೈವ್ ಬರ್ ಅವರಿಗೆ ಮುಂದೆ ನರಮಂಡಲವನ್ನು ಹಂತಹಂತವಾಗಿ ಕುಗ್ಗಿಸುವ ರೋಗ ಬಂದಿತು. ಡ್ರಮ್ ಬಾರಿಸಿದ ಕೈಕಾಲುಗಳು ಸ್ವಾಧೀನ ತಪ್ಪಿದವು. ಅವರು ತಂಡ ಬಿಟ್ಟು ಇಪ್ಪತ್ತು ವರ್ಷ ಆಗಲು ಬಂದಿತ್ತು. ಆದರೂ 2002ರ ಮಾರ್ಚಿನಲ್ಲಿ ತಂಡ ಲಂಡನ್ನಿನಲ್ಲಿ ಮೂರು ರಾತ್ರಿ ಹಾಡಿ ಅವರ ನೆರವಿಗೆ ಹಣ ಕೂಡಿಸಿತು. 2013ರಲ್ಲಿ ಅವರು ತೀರಿಕೊಂಡರು. ಮೊದಲ ಗಾಯಕ ಡಿಯಾನೊ ಅವರಿಗೂ ಕೊನೆಯ ವರ್ಷಗಳಲ್ಲಿ ಗಾಲಿಕುರ್ಚಿಯೇ ಗತಿಯಾಯಿತು. ಅವರ ಕಾಲಿನ ಚಿಕಿತ್ಸೆಗೆ ಹಣ ಕೂಡಿಸಿದವರಲ್ಲಿ ಅವರ ಹಾಡು ಕೇಳಿದವರೇ ಹೆಚ್ಚು. ಕುರ್ಚಿಯಲ್ಲಿ ಕುಳಿತೇ ಅವರು ವೇದಿಕೆ ಏರಿ ಹಾಡಿದರು. 2024ರ ಅಕ್ಟೋಬರಿನಲ್ಲಿ ತೀರಿಕೊಂಡರು. ನಿಕೋ ಮೆಕ್‌ಬ್ರೈನ್ ಅವರಿಗೆ 2023ರ ಜನವರಿಯಲ್ಲಿ ಪಾರ್ಶ್ವವಾಯು ಬಡಿಯಿತು. ತಿಂಗಳುಗಳಲ್ಲೇ ಚೇತರಿಸಿಕೊಂಡು, ಬಲಗೈ ಹಿಂದಿನಂತೆ ಓಡದಿದ್ದರೂ ಎರಡು ವರ್ಷದ ಪ್ರವಾಸ ಮುಗಿಸಿ, 2024ರ ಡಿಸೆಂಬರ್ 7ರಂದು ಬ್ರೆಜಿಲ್ಲಿನ ಸಾವೊ ಪೌಲೊದಲ್ಲಿ ಪ್ರವಾಸಕ್ಕೆ ವಿದಾಯ ಹೇಳಿದರು. ನಲವತ್ತೆರಡು ವರ್ಷ ಅವರು ಕುಳಿತಿದ್ದ ಸ್ಥಾನದಲ್ಲಿ 2025ರ ಪ್ರವಾಸಕ್ಕೆ ಸೈಮನ್ ಡಾಸನ್ ಕುಳಿತರು.

ಈಗ ನಮ್ಮ ಊರುಗಳತ್ತ ತಿರುಗೋಣ. ಹಳೇಬೀಡಿನ ಗೋಡೆಯ ಮೇಲೆ ಮದ್ದಳೆ ಹಿಡಿದು ನಿಂತ ಶಿಲ್ಪಕ್ಕೆ ಮಂಡಿನೋವಿಲ್ಲ, ವರ್ಗಾವಣೆಯಿಲ್ಲ. ಎಂಟುನೂರು ವರ್ಷಗಳಿಂದ ಅದು ತನ್ನ ಮೇಳ ಬಿಟ್ಟು ಕದಲಿಲ್ಲ. ಜೀವಂತ ಮೇಳಕ್ಕೆ ಆ ಸೌಕರ್ಯವಿಲ್ಲ. ಹಳ್ಳಿಯ ನಾಟಕದ ಭಿತ್ತಿಪತ್ರ ನೋಡಿ: ಈ ವರ್ಷದ ಪಾತ್ರಧಾರಿಗಳ ಚಿತ್ರಗಳು ಸಾಲಾಗಿವೆ, ಗಣ್ಯರ ಚಿತ್ರಗಳು ಅದಕ್ಕಿಂತ ದೊಡ್ಡದಾಗಿವೆ. ಇಪ್ಪತ್ತು ವರ್ಷ ಕೃಷ್ಣನಾಗಿದ್ದವರ ಹೆಸರು ಎಲ್ಲಿಯೂ ಇಲ್ಲ. ಈಗಿನ ಕೃಷ್ಣ ತಲೆಯಾಡಿಸುವ ರೀತಿ, ರಾಯಭಾರದ ದೃಶ್ಯದಲ್ಲಿ ಮಾತು ನಿಲ್ಲಿಸುವ ಜಾಗ ಇವೆಲ್ಲ ಅವರಿಂದ ಬಂದವು ಎಂಬುದು ಮೇಷ್ಟ್ರಿಗೆ ಗೊತ್ತು, ಹಳೆಯ ಪ್ರೇಕ್ಷಕರಿಗೆ ಗೊತ್ತು. ಅವರು ಹೋದ ಮೇಲೆ ಯಾರಿಗೂ ಗೊತ್ತಿರುವುದಿಲ್ಲ. ನಾಟಕದ ಆರಂಭದಲ್ಲಿ ಗಣ್ಯರಿಗೆ ಹಾರ ಹಾಕುವ ಹೊತ್ತಿನಲ್ಲಿ ಹಿಂದೆ ಆ ಪಾತ್ರ ಮಾಡಿದವರನ್ನು ಎಬ್ಬಿಸಿ ಹೆಸರು ಹೇಳಲು ಎರಡು ನಿಮಿಷ ಸಾಕು. ಖರ್ಚೇನೂ ಇಲ್ಲ.

ಇನ್ನೊಂದು ಸಂಗತಿ ಹುಡುಗರದು. ಹಾಸನದಂಥ ಊರಿನಲ್ಲಿ ಇಂಜಿನಿಯರಿಂಗ್ ಓದುವ ಹುಡುಗರು ನಾಲ್ಕೈದು ಜನ ಸೇರಿ ಗಿಟಾರು, ಡ್ರಮ್ಮು ಕೂಡಿಸಿಕೊಂಡು ತಂಡ ಕಟ್ಟುವುದು ಈಗ ಅಪರೂಪವಲ್ಲ. ನನ್ನ ನೆಂಟರ ಪೈಕಿ ಒಬ್ಬ ಹುಡುಗ ಅಂಥ ತಂಡದಲ್ಲಿದ್ದಾನೆ. ಕಡೆಯ ವರ್ಷದ ಓದು ಮುಗಿಯುತ್ತಿದ್ದಂತೆ ಡ್ರಮ್ಮಿನವನಿಗೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. ‘ಇನ್ನೇನು ಮಾವ, ತಂಡ ಮುಗಿದ ಹಾಗೆಯೇ’ ಎಂದ ಹುಡುಗ. ‘ಹಾಡು ಕಟ್ಟಿದವರು ಯಾರಪ್ಪ?’ ಎಂದು ಕೇಳಿದೆ. ‘ಎಲ್ಲರೂ ಸೇರಿಯೇ ಕಟ್ಟಿದ್ದು’ ಎಂದ. ‘ಹಾಗಾದರೆ ಹೋಗುವವನು ತನ್ನ ಪೆಟ್ಟುಗಳನ್ನು ಇನ್ನೊಬ್ಬನಿಗೆ ಹೇಳಿಕೊಟ್ಟು ಹೋಗಲಿ, ಬರುವವನು ಅವುಗಳನ್ನು ತನ್ನ ಕೈಗೆ ಹೊಂದಿಸಿಕೊಳ್ಳಲಿ, ನೀವು ತಡೆಯಬೇಡಿ’ ಎಂದೆ. ಹುಡುಗ ನಕ್ಕ. ಆದರೆ ಈಗ ಇಬ್ಬರು ಕಿರಿಯ ವಿದ್ಯಾರ್ಥಿಗಳು ಅವರ ತಾಲೀಮಿಗೆ ಬರುತ್ತಿದ್ದಾರೆಂದು ಕೇಳಿದ್ದೇನೆ.

ಬಿಟ್ಟುಹೋಗುವುದೆಂದರೆ ನಷ್ಟವೆಂದೇ ತಿಳಿಯಬೇಕಾಗಿಲ್ಲ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯ ಚರಿತ್ರೆಯನ್ನು ನೋಡಿದರೆ ಅದು ಬಂದವರ ಮತ್ತು ಹೋದವರ ಚರಿತ್ರೆಯೇ ಆಗಿದೆ. ರಾಜಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಇವರೆಲ್ಲ ಅದರ ನೆರಳಿನಲ್ಲಿ ಪಳಗಿ ಹೊರಗೆ ನಡೆದವರು. ವೀರಣ್ಣನವರ ಕಂಪನಿ ಅವರನ್ನೆಲ್ಲ ಹಿಡಿದಿಟ್ಟುಕೊಂಡಿದ್ದರೆ ಕನ್ನಡ ಚಿತ್ರರಂಗಕ್ಕೆ ಅಷ್ಟರಮಟ್ಟಿಗೆ ಬಡತನ. ಹೊರಟವರು ಕಂಪನಿಯ ಹೆಸರು ಹೇಳಿಕೊಂಡೇ ಬಾಳಿದರು. ಬಿಟ್ಟುಹೋದ ಮೇಲೂ ಹೆಸರು ಹೇಳಬೇಕೆನ್ನಿಸುವಂಥ ಮನೆಯಾಗಿತ್ತು ಅದು.

ಮಾತಿನ ಮೊದಲಲ್ಲಿ ಹೇಳಿದ ಬ್ಲ್ಯಾಕ್ ಸಬ್ಬತ್ ತಂಡದ ಕೊನೆಯನ್ನು ಹೇಳಿ ಮುಗಿಸುತ್ತೇನೆ. ಅದರ ಮೊದಲ ಗಾಯಕ ಆಝಿ ಆಸ್ಬೋರ್ನ್ ಅವರನ್ನು 1979ರಲ್ಲಿ ತಂಡದವರೇ ಹೊರಹಾಕಿದ್ದರು. ಆಮೇಲೆ ಎಷ್ಟೋ ಗಾಯಕರು, ಎಷ್ಟೋ ಡ್ರಮ್ಮಿನವರು ಬಂದು ಹೋದರು. ಎಲ್ಲ ಕಾಲದಲ್ಲಿಯೂ ಇದ್ದವರು ಬೆರಳು ಕಳೆದುಕೊಂಡ ಆ ಅಯೋಮಿ ಒಬ್ಬರೇ. ನಡುನಡುವೆ ಹಳಬರು ಮರಳಿದರು, ಮತ್ತೆ ಮುನಿದರು. ಕಡೆಗೆ 2025ರ ಜುಲೈ 5ರಂದು, ಹುಟ್ಟೂರಾದ ಬರ್ಮಿಂಗ್‌ಹ್ಯಾಮಿನ ಫುಟ್‌ಬಾಲ್ ಮೈದಾನದಲ್ಲಿ ಮೊದಲಿನ ನಾಲ್ವರೂ ಒಟ್ಟಿಗೆ ವೇದಿಕೆ ಏರಿದರು. ಡ್ರಮ್ಮಿನ ಬಿಲ್ ವಾರ್ಡ್ ಹಳೆಯ ಗೆಳೆಯರೊಡನೆ ಹೀಗೆ ಕೂಡಿ ಇಪ್ಪತ್ತು ವರ್ಷವಾಗಿತ್ತು. ನಿಲ್ಲುವ ತ್ರಾಣವಿಲ್ಲದ ಆಸ್ಬೋರ್ನ್ ಸಿಂಹಾಸನದಂಥ ಕುರ್ಚಿಯಲ್ಲಿ ಕುಳಿತು ಹಾಡಿದರು. ಅದಾಗಿ ಹದಿನೇಳು ದಿನಕ್ಕೆ, ಜುಲೈ 22ರಂದು, ಅವರು ತೀರಿಕೊಂಡರು.

ಆ ಸಂಜೆ ಅಲ್ಲಿ ಹಾಡಲು ಬಂದಿದ್ದ ತಂಡಗಳಲ್ಲಿ ಮೆಟಾಲಿಕಾ ಕೂಡ ಒಂದು. ಆ ನಾಲ್ವರಿಂದ ಕಲಿತವರು ನಾಲ್ವರ ಮುಂದೆ ಅವರದೇ ಹಾಡುಗಳನ್ನು ತಮ್ಮ ರೀತಿಯಲ್ಲಿ ಹಾಡಿ ತೋರಿಸಿದರು. ಬಂದವರಿಗೆ ತಮ್ಮ ದನಿಯಲ್ಲಿ ಹಾಡಲು ಬಿಡುವುದು, ಹೋದವರ ಹಾಡನ್ನು ಅವರ ಹೆಸರು ಹೇಳಿ ಹಾಡುವುದು, ಇವೆರಡು ನಡೆಯುವವರೆಗೆ ಮುಖಗಳು ಎಷ್ಟು ಬದಲಾದರೂ ಮೇಳ ಉಳಿಯುತ್ತದೆಂದು ನನಗೆ ತೋರುತ್ತದೆ. ಮುಂದಿನ ಸಲ ನಿಮ್ಮ ಊರಿನಲ್ಲಿ ನಾಟಕವಾದಾಗ, ಮುಂದಿನ ಸಾಲಿನಲ್ಲಿ ತುಟಿಯಾಡಿಸುತ್ತ ಕುಳಿತ ಹಿರಿಯರೊಬ್ಬರು ಕಂಡರೆ, ಅವರು ಯಾವ ಪಾತ್ರ ಮಾಡುತ್ತಿದ್ದರೆಂದು ವಿಚಾರಿಸಿ.